ತಲೆನೋವಿಗೊಂದು ನಂಬರು

ಲಂಡನ್ನಿನಲ್ಲಿ 51 ಜನ ತಲೆನೋವಿನಿಂದ ಸತ್ತರು. ಇದು ನಾನು ಹೇಳ್ತಿರೋದಲ್ಲ ಸ್ವಾಮಿ, ಜಾನ್ ಗ್ರಾಂಟ್ ಅನ್ನೋ ಬಟ್ಟೆ-ಗುಂಡಿ ವ್ಯಾಪಾರಿಯೊಬ್ಬ 1662ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇರೋ ಲೆಕ್ಕ. ಲಂಡನ್ನಿನ ಒಂದೊಂದು ಪ್ಯಾರಿಷ್‌ನಿಂದಲೂ ವಾರವಾರ ಸಾವಿನ ಪಟ್ಟಿ ಬರುತ್ತಿತ್ತು. ಈ ಮನುಷ್ಯ ಅದನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತು, 20 ವರ್ಷಗಳ 2,29,250 ಸಾವುಗಳನ್ನು ಕಾರಣದ ಪ್ರಕಾರ ವಿಂಗಡಿಸಿದ. ಕಾಮಾಲೆ 998, ಲಕ್ವ 423, 'ಇದ್ದಕ್ಕಿದ್ದಂತೆ' 454, ಬೀದಿಯಲ್ಲಿ ಸತ್ತು ಬಿದ್ದವರು 243... ಇವುಗಳ ನಡುವೆ ತಣ್ಣಗೆ ಕೂತಿದೆ, 'ತಲೆನೋವು - 51'.

ತಲೆನೋವಿನಿಂದ ಯಾರಾದರೂ ಸಾಯ್ತಾರಾ? ಈಗಿನ ಡಾಕ್ಟರನ್ನು ಕೇಳಿದರೆ, ಮಿದುಳಿನಲ್ಲಿ ರಕ್ತಸ್ರಾವ ಆಗಿರಬಹುದು, ಮಿದುಳಿನ ಪೊರೆಗೆ ಸೋಂಕು ತಗುಲಿರಬಹುದು, ಗೆಡ್ಡೆ ಇದ್ದಿರಬಹುದು ಅಂತಾರೆ. ಆದರೆ ಆಗ ಸಾವಿನ ಕಾರಣ ಬರೆಸುತ್ತಿದ್ದವರು ಡಾಕ್ಟರುಗಳಲ್ಲ. ಆ ಕೆಲಸಕ್ಕೆ ಅಂತ ಪ್ಯಾರಿಷ್ ಕಡೆಯಿಂದ ಪ್ರಮಾಣ ಮಾಡಿಸಿ ನೇಮಿಸಿದ ಮುದುಕಿಯರು. ಸತ್ತವರ ಮನೆಗೆ ಹೋಗಿ ಹೆಣ ನೋಡಿ, ಮನೆಯವರನ್ನು ವಿಚಾರಿಸಿ ಅವರು ಹೇಳಿದ್ದೇ ಕಾರಣ. "ಮೂರು ದಿನದಿಂದ ತಲೆನೋವು, ತಲೆನೋವು ಅಂತಿದ್ದ" ಅಂತ ಹೆಂಡತಿ ಹೇಳಿದರೆ ಅದೇ ಪಟ್ಟಿಗೆ ಹೋಯಿತು. ಇನ್ನೂ ಒಂದು ಮಜಾ ಇದೆ. ಒಂದು ಲೋಟ ಬಿಯರು, ಜತೆಗೆ ಮಾಮೂಲಿಗಿಂತ ದುಪ್ಪಟ್ಟು ಕಾಸು ಕೈಗೆ ಬಿದ್ದರೆ ಈ ಅಜ್ಜಿಯರು ಮರ್ಯಾದೆಗೇಡಿನ ರೋಗಗಳ ಹೆಸರು ಬಿಟ್ಟು ಬೇರೇನೋ ಬರೆಸುತ್ತಿದ್ದರು ಅಂತ ಗ್ರಾಂಟ್ ಆಗಲೇ ಗುಮಾನಿ ಪಟ್ಟಿದ್ದಾನೆ.

ಒಂದು ರೋಗಕ್ಕೆ ಯಾರು ಹೆಸರಿಡುತ್ತಾರೆ? ಯಾವ ಆಧಾರದ ಮೇಲೆ? ಆ ಹೆಸರಿನಿಂದ ಯಾರ ಜೇಬಿಗೆ ಏನು ಬರುತ್ತದೆ ಅಥವಾ ಯಾರ ಜೇಬಿನಿಂದ ಏನು ಹೋಗುತ್ತದೆ? ನಂಬಿದರೆ ನಂಬಿ, 1662ರ ಈ ಮೂರು ಪ್ರಶ್ನೆಗಳು ಇವತ್ತು ನಾನು ಕೆಲಸ ಮಾಡುವ ಡೇಟಾಬೇಸಿನಲ್ಲಿ ಹಾಗೇ ಇವೆ. ನಮ್ಮ ಪ್ರಾಜೆಕ್ಟು ಅಮೆರಿಕದ ಆರೋಗ್ಯವಿಮೆಯ ಕ್ಲೇಮುಗಳದ್ದು. ಅಲ್ಲಿ ರೋಗಿಗೆ ಹೆಸರಿಲ್ಲ, ರೋಗಕ್ಕೂ ಹೆಸರಿಲ್ಲ, ಎಲ್ಲಾ ಬರೀ ನಂಬರು. ಹಾಗಾಗಿ ಈ ಸಲ ಸಿನಿಮಾ, ಪ್ರವಾಸ ಎಲ್ಲ ಬಿಟ್ಟು ತಲೆನೋವಿನ ನಂಬರಿನ ಚರಿತ್ರೆ ಬರೆಯೋಣ ಅನ್ನಿಸಿತು. ಓದಿ ತಲೆನೋವು ಬಂದರೆ ಅದಕ್ಕೂ ಒಂದು ಕೋಡ್ ಇದೆ, ಹೆದರಬೇಡಿ :)

*

ಗ್ರಾಂಟ್ ಆದಮೇಲೆ ಸುಮಾರು ಪೌನೇ ಇನ್ನೂರು ವರ್ಷ ಬಿಟ್ಟು ಇದೇ ಇಂಗ್ಲೆಂಡಿನಲ್ಲಿ ವಿಲಿಯಂ ಫಾರ್ ಬಂದ. 1837ರಲ್ಲಿ ಅಲ್ಲಿ ಜನನ-ಮರಣ ನೋಂದಣಿ ಶುರುವಾಗಿತ್ತು. ಅಂಕಿಅಂಶ ನೋಡಿಕೊಳ್ಳುವ ಕೆಲಸ ಇವನ ಪಾಲಿಗೆ ಬಂತು. ಆಗ ಚಾಲ್ತಿಯಲ್ಲಿದ್ದದ್ದು ಸ್ಕಾಟ್ಲೆಂಡಿನ ವಿಲಿಯಂ ಕಲೆನ್ ಮಾಡಿದ್ದ ಹಳೇ ವರ್ಗೀಕರಣ. ಅದು ಕೆಲಸಕ್ಕೆ ಬರಲ್ಲ ಅಂತ ಫಾರ್‌ಗೆ ಬೇಗ ಗೊತ್ತಾಯಿತು. ಒಂದೇ ರೋಗಕ್ಕೆ ಮೂರು-ನಾಲ್ಕು ಹೆಸರು, ಒಂದೇ ಹೆಸರು ಹತ್ತಾರು ರೋಗಕ್ಕೆ. ತೂಕಕ್ಕೆ, ಅಳತೆಗೆ ಎಲ್ಲರೂ ಒಪ್ಪಿದ ಕಲ್ಲು-ಕೋಲು ಇರುವ ಹಾಗೆ ರೋಗದ ಹೆಸರುಗಳಿಗೂ ಒಪ್ಪಂದ ಬೇಕು ಅನ್ನೋದು ಅವನ ವಾದ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸ್ಕೀಮಾ ಸರಿಯಿಲ್ಲದೆ ಕ್ವೆರಿ ಬರೆದು ಪ್ರಯೋಜನ ಇಲ್ಲ ಅಂದ.

1853ರಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ನಡೆಯಿತು. ಎಲ್ಲ ದೇಶಕ್ಕೂ ಹೊಂದುವ ಪಟ್ಟಿ ಮಾಡಿ ಅಂತ ಫಾರ್‌ಗೂ, ಜಿನೀವಾದ ಮಾರ್ಕ್ ದೆಸ್ಪಿನ್‌ಗೂ ಹೇಳಿದರು. ಇಬ್ಬರೂ ಕೂತು ಒಂದು ಪಟ್ಟಿ ಮಾಡಿದರಾ? ಇಲ್ಲ! 1855ರಲ್ಲಿ ಪ್ಯಾರಿಸ್‌ಗೆ ಎರಡು ಬೇರೆಬೇರೆ ಪಟ್ಟಿ ಹಿಡಿದುಕೊಂಡು ಬಂದರು. ಫಾರ್ ಮುಖ್ಯವಾಗಿ ಸಾಂಕ್ರಾಮಿಕ ರೋಗ, ಇಡೀ ಮೈಯ ರೋಗ, ಮೈಯ ಯಾವ ಭಾಗದ್ದು ಅನ್ನೋ ರೋಗ ಅಂತ ಹಂಚಿದ್ದ. ದೆಸ್ಪಿನ್ ರೋಗದ ಸ್ವಭಾವ ನೋಡಿ ಹಂಚಿದ್ದ. ಸಮ್ಮೇಳನದವರು ಎರಡನ್ನೂ ಕಲಸಿ 139 ಶೀರ್ಷಿಕೆಗಳ ಒಂದು ರಾಜಿಪಟ್ಟಿ ಮಾಡಿದರು. ಇಬ್ಬರು ಆರ್ಕಿಟೆಕ್ಟುಗಳು ಜಗಳವಾಡಿದಾಗ ಮ್ಯಾನೇಜರು ಮಾಡೋದೂ ಇದೇ ಅಲ್ವಾ.

1860ರ ಲಂಡನ್ ಸಮ್ಮೇಳನದ ಹೊತ್ತಿಗೆ ಫ್ಲಾರೆನ್ಸ್ ನೈಟಿಂಗೇಲ್ ಒಂದು ಮಾತೆತ್ತಿದರು. ಸತ್ತವರ ಲೆಕ್ಕ ಸಾಕೇ? ಆಸ್ಪತ್ರೆಯಲ್ಲಿ ಮಲಗಿರುವವರ ಕಾಯಿಲೆಗಳನ್ನೂ ಇದೇ ಪಟ್ಟಿ ಇಟ್ಟುಕೊಂಡು ಎಣಿಸಬೇಕು ಅಂದರು. ದೀಪ ಹಿಡಿದ ದಾದಿ ಅಂತ ಸ್ಕೂಲಿನಲ್ಲಿ ಓದಿದ್ದೆವಲ್ಲ, ಆಯಮ್ಮ ನಿಜಕ್ಕೂ ದೊಡ್ಡ ಸ್ಟಾಟಿಸ್ಟಿಶಿಯನ್. ಆದರೆ ಆ ಮಾತು ಸರಿಯಾಗಿ ಜಾರಿಗೆ ಬರೋಕೆ ಇನ್ನೂ ಎಂಬತ್ತೆಂಟು ವರ್ಷ ಬೇಕಾಯಿತು.

1893ರಲ್ಲಿ ಷಿಕಾಗೋದಲ್ಲಿ ಜಾಕ್ ಬೆರ್ತಿಯೋಂ ಎಂಬ ಪ್ಯಾರಿಸ್ ನಗರದ ಅಂಕಿಅಂಶ ಅಧಿಕಾರಿ ಹೊಸ ಪಟ್ಟಿ ಮಂಡಿಸಿದ. ಇವತ್ತಿನ ಐಸಿಡಿ, ಅಂದರೆ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ ಬೇರು ಇದೇ. 1853ರಲ್ಲಿ ಫಾರ್ ಮತ್ತು ದೆಸ್ಪಿನ್‌ಗೆ ಆ ಕೆಲಸ ಒಪ್ಪಿಸಬೇಕು ಅಂತ ಠರಾವು ತಂದಿದ್ದ ಆಶಿಲ್ ಗಿಯಾರ್ ಇದೇ ಜಾಕ್‌ನ ತಾತ. ತಾತ ತೆಗೆದ ಟಿಕೆಟನ್ನು ಮೊಮ್ಮಗ ಕ್ಲೋಸ್ ಮಾಡಿದ ಹಾಗಾಯಿತು! ಇನ್ನು ಜಾಕ್‌ನ ಒಡಹುಟ್ಟಿದವನು ಆಲ್ಫೋನ್ಸ್, ಪ್ಯಾರಿಸ್ ಪೊಲೀಸರಿಗಾಗಿ ಅಪರಾಧಿಗಳ ತಲೆ, ಕಿವಿ, ಬೆರಳು ಅಳೆದು ಗುರುತಿಸುವ ಪದ್ಧತಿ ಕಂಡುಹಿಡಿದವನು. ಒಬ್ಬ ಅಪರಾಧಿಗಳ ತಲೆ ಅಳೆದ, ಇನ್ನೊಬ್ಬ ಸಾವುಗಳಿಗೆ ನಂಬರು ಕೊಟ್ಟ. ಅಂಥಾ ವಂಶ.

1900ರಲ್ಲಿ ಪ್ಯಾರಿಸ್‌ನಲ್ಲಿ 26 ದೇಶಗಳು ಸೇರಿ 179 ಗುಂಪುಗಳ ಪಟ್ಟಿ ಒಪ್ಪಿಕೊಂಡವು. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ಅಂತ ಆಯಿತು. ಇಷ್ಟೆಲ್ಲಾ ಆದರೂ ಅದು ಸಾವಿನ ಕಾರಣಗಳ ಪಟ್ಟಿ. ಕಾಯಿಲೆಗಳಿಗೆಂದು ಜತೆಗೊಂದು ಪಟ್ಟಿ ಇತ್ತಾದರೂ ಅದರದು ಮಲತಾಯಿ ಮಕ್ಕಳ ಪಾಡು. ಸಾವಿನ ಪಟ್ಟಿಯಲ್ಲಿ ತಲೆನೋವಿಗೆ ಏನು ಬೆಲೆ? ತಲೆನೋವು ಕೊಲ್ಲುವುದಿಲ್ಲ. ಕೊಲ್ಲದೆ ನಲವತ್ತು ವರ್ಷ ಜತೆಗಿರುತ್ತದೆ. ಹೆಣ ಎಣಿಸುವ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

1948ರಲ್ಲಿ ಇದು ಬದಲಾಯಿತು. ಹೊಸದಾಗಿ ಹುಟ್ಟಿದ್ದ ವಿಶ್ವ ಆರೋಗ್ಯ ಸಂಸ್ಥೆ ಆರನೇ ಪರಿಷ್ಕರಣೆಯನ್ನು ಕೈಗೆತ್ತಿಕೊಂಡು, ಸಾವಿಗೂ ಕಾಯಿಲೆಗೂ ಸೇರಿ ಒಂದೇ ಪಟ್ಟಿ ಮಾಡಿತು. ಬದುಕಿರುವವರ ನೋವಿಗೂ ಒಂದು ನಂಬರು ಅನ್ನೋದು ಅಲ್ಲಿಂದ ಗಟ್ಟಿಯಾಯಿತು.

*

ಸರಿ, ನಂಬರು ಕೊಡೋಕೆ ಜಾಗ ಆಯಿತು. ಯಾವ ತಲೆನೋವಿಗೆ ಯಾವ ನಂಬರು?

ತಲೆನೋವುಗಳಲ್ಲಿ ಬೇರೆಬೇರೆ ಜಾತಿ ಇವೆ ಅನ್ನೋದು ಹೊಸ ಸುದ್ದಿಯೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 11 ಶಿರೋರೋಗಗಳಿವೆ. ಅದರಲ್ಲಿ ಒಂದು ಸೂರ್ಯಾವರ್ತ, ಬಿಸಿಲು ಏರಿದಂತೆ ಏರಿ ಇಳಿದಂತೆ ಇಳಿಯುವುದು. ಇನ್ನೊಂದು ಅರ್ಧಾವಭೇದಕ, ಅರ್ಧ ತಲೆಯನ್ನು ಸೀಳುವುದು. ಅತ್ತ ಗ್ರೀಕರ ಕಡೆ ಗ್ಯಾಲೆನ್ 'ಹೆಮಿಕ್ರೇನಿಯಾ' ಅಂದ, ಅಂದರೆ ಅರ್ಧ ತಲೆಬುರುಡೆ. ಆ ಪದವೇ ಬಾಯಿಂದ ಬಾಯಿಗೆ ಸವೆದು ಸವೆದು ಫ್ರೆಂಚರ 'ಮೈಗ್ರೇನ್' ಆಯಿತು. ನಮ್ಮ ಅಜ್ಜಿಯರ ಅರೆತಲೆನೋವು ಅನ್ನೋ ಮಾತಿನ ಅರ್ಥವೂ ಅದೇ ನೋಡಿ. ಮೂರು ಭಾಷೆ, ಒಂದೇ ಉಪಮೆ.

ಆದರೆ ಹೆಸರಿದ್ದರೆ ಸಾಲದು, ಯಾವುದು ಅದು, ಯಾವುದು ಅಲ್ಲ ಅಂತ ಹೇಳೋಕೆ ಗೆರೆ ಬೇಕು. 1962ರಲ್ಲಿ ಅಮೆರಿಕದ ಒಂದು ಸಮಿತಿ 15 ಬಗೆಯ ತಲೆನೋವುಗಳ ವರ್ಗೀಕರಣ ಪ್ರಕಟಿಸಿತು. ಅದರಲ್ಲಿ 'ಸಾಮಾನ್ಯವಾಗಿ', 'ಹೆಚ್ಚಾಗಿ' ಅನ್ನೋ ಪದಗಳೇ ಜಾಸ್ತಿ. ಬೆಂಗಳೂರಿನ ಡಾಕ್ಟರಿಗೆ 'ಹೆಚ್ಚಾಗಿ' ಅನ್ನಿಸಿದ್ದು ಬೋಸ್ಟನ್ನಿನವರಿಗೆ 'ಕೆಲವೊಮ್ಮೆ' ಅನ್ನಿಸಬಹುದು.

ನಿಜವಾದ ಗೆರೆ ಎಳೆದದ್ದು 1988ರಲ್ಲಿ. ಡೆನ್ಮಾರ್ಕಿನ ಯೆಸ್ ಓಲೆಸನ್ ಅಧ್ಯಕ್ಷತೆಯಲ್ಲಿ ಅಂತಾರಾಷ್ಟ್ರೀಯ ತಲೆನೋವು ಸೊಸೈಟಿಯ ಸಮಿತಿ ಪ್ರತಿಯೊಂದು ತಲೆನೋವಿಗೂ ಷರತ್ತುಗಳ ಪಟ್ಟಿ ಕೊಟ್ಟಿತು. (ಹೌದು, ತಲೆನೋವಿಗೇ ಒಂದು ಸೊಸೈಟಿ ಇದೆ!) ಅದು 2004ರಲ್ಲಿ, ಆಮೇಲೆ 2018ರಲ್ಲಿ ಪರಿಷ್ಕೃತವಾಯಿತು. ಪ್ರೋಗ್ರಾಮರುಗಳಿಗೆ ಇದನ್ನು ಓದೋಕೆ ಖುಷಿಯಾಗುತ್ತೆ, ಯಾಕಂದ್ರೆ ಇದು ಶುದ್ಧ ಇಫ್-ಎಲ್ಸ್. ಉದಾಹರಣೆಗೆ ಔರಾ ಇಲ್ಲದ ಮೈಗ್ರೇನ್: ಕನಿಷ್ಠ 5 ಸಲ ಬಂದಿರಬೇಕು. ಔಷಧಿ ತಗೊಳ್ಳದಿದ್ದರೆ, ಅಥವಾ ತಗೊಂಡೂ ನಾಟದಿದ್ದರೆ, 4ರಿಂದ 72 ಗಂಟೆ ಇರಬೇಕು. ಒಂದೇ ಪಕ್ಕ ನೋವು, ನಾಡಿಯಂತೆ ಬಡಿಯುವ ನೋವು, ಸಾಧಾರಣದಿಂದ ತೀವ್ರ ನೋವು, ಓಡಾಡಿದರೆ ಹೆಚ್ಚಾಗುವ ನೋವು, ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜತೆಗೆ ವಾಕರಿಕೆ ಅಥವಾ ವಾಂತಿ ಇರಬೇಕು, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗದೆ ಇರಬೇಕು. ಕೊನೆಗೆ, ಬೇರೆ ಯಾವ ಕಾಯಿಲೆಯೂ ಇದನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವಂತಿರಬಾರದು.

ಇದರಲ್ಲಿ ಒಂದು ವಿಷಯ ಗಮನಿಸಿ. ಒಂದು ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಎಲ್ಲವೂ ರೋಗಿ ಬಾಯಿಬಿಟ್ಟು ಹೇಳಬೇಕು, ಡಾಕ್ಟರು ಕೂತು ಕೇಳಬೇಕು. ಎಷ್ಟು ಗಂಟೆ, ತಿಂಗಳಿಗೆ ಎಷ್ಟು ದಿನ, ಯಾವ ಪಕ್ಕ ಅಂತ ಕೇಳದಿದ್ದರೆ ಹೆಸರಿಲ್ಲ. ಹೆಸರಿಲ್ಲದಿದ್ದರೆ ನಂಬರೂ ಇಲ್ಲ.

*

ಈಗ ಬರೋದು ನನಗೆ ತುಂಬಾ ಕಾಡಿದ ಭಾಗ. ವಿಶ್ವ ಆರೋಗ್ಯ ಸಂಸ್ಥೆಯ ಒಂಬತ್ತನೇ ಪರಿಷ್ಕರಣೆ ಇತ್ತಲ್ಲ, ಅದರ ಅಮೆರಿಕನ್ ಆವೃತ್ತಿ 1979ರಿಂದ 2015ರವರೆಗೆ ಚಾಲ್ತಿಯಲ್ಲಿತ್ತು. ನಮ್ಮ ಹಳೇ ಟೇಬಲ್ಲುಗಳ ತುಂಬಾ ಇನ್ನೂ ಅದೇ ಕೋಡುಗಳು. ಅದರಲ್ಲಿ ಮೈಗ್ರೇನ್ 346, ನರಮಂಡಲದ ಅಧ್ಯಾಯ. ಬರೀ ತಲೆನೋವು 784.0, ರೋಗಲಕ್ಷಣಗಳ ಅಧ್ಯಾಯ. ಸರಿ. ಆದರೆ ಒತ್ತಡದ ತಲೆನೋವು, ಅಂದರೆ ತಲೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ ಎಲ್ಲರಿಗೂ ಬರುವ ಟೆನ್ಷನ್ ತಲೆನೋವು ಎಲ್ಲಿತ್ತು ಗೊತ್ತಾ? 307.81. ಅದು ಮಾನಸಿಕ ಕಾಯಿಲೆಗಳ ಅಧ್ಯಾಯ!

ಜಗತ್ತಿನಲ್ಲಿ ಅತಿ ಹೆಚ್ಚು ಜನಕ್ಕೆ ಬರುವ ತಲೆನೋವನ್ನು 'ಮನಸ್ಸಿನದು' ಅಂತ ಒಂದು ಕೋಡ್ ಹೇಳುತ್ತಿತ್ತು. ಪುಸ್ತಕದಲ್ಲಿ ಯಾವ ಅಧ್ಯಾಯ ಆದರೇನು ಅಂತೀರಾ? ಅಮೆರಿಕದ ಎಷ್ಟೋ ವಿಮೆಗಳಲ್ಲಿ ಮಾನಸಿಕ ಕಾಯಿಲೆಗೆ ಸಿಗುತ್ತಿದ್ದ ಸೌಲಭ್ಯ ಮೈಯ ಕಾಯಿಲೆಗಿಂತ ಕಡಿಮೆ. ಇದನ್ನು ಸರಿದೂಗಿಸುವ ಕಾನೂನು ಅಲ್ಲಿ 2008ರಲ್ಲಿ ಬಂತು. ಕೋಡಿನ ಮೊದಲ ಅಂಕಿ 3 ಆಗಿ ಮುಂದಿನದು 0 ಆದರೆ ಒಂದು ದಾರಿ, 4 ಆದರೆ ಇನ್ನೊಂದು ದಾರಿ. ದುಡ್ಡಿನ ಮಾತು ಹಾಗಿರಲಿ, "ನಿಂದೆಲ್ಲಾ ಬರೀ ಟೆನ್ಷನ್ನು" ಅನ್ನಿಸಿಕೊಂಡ ರೋಗಿಯ ಮುಖ ನೆನೆಸಿಕೊಳ್ಳಿ.

ಕ್ಲಸ್ಟರ್ ತಲೆನೋವಿನ ಕಥೆ ಇನ್ನೊಂದು ಥರ. ಒಂದು ಕಣ್ಣಿನ ಸುತ್ತ ಕಾದ ಸಲಾಕೆ ಚುಚ್ಚಿದ ಹಾಗೆ ನೋವು, 15 ನಿಮಿಷದಿಂದ 3 ಗಂಟೆ. ದಿನಕ್ಕೆ ಎಂಟು ಸಲದವರೆಗೂ ಬರಬಹುದು. ಅದೇ ಕಣ್ಣಲ್ಲಿ ನೀರು, ಅದೇ ಪಕ್ಕದ ಮೂಗು ಕಟ್ಟುವುದು. ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ, ಇವರು ಕೂತಲ್ಲಿ ಕೂರಲಾರದೆ ಶತಪಥ ಹಾಕುತ್ತಾರೆ. ಬೇಯರ್ಡ್ ಹಾರ್ಟನ್ 1939ರಲ್ಲೇ ಇದನ್ನು ಬಿಡಿಸಿ ವಿವರಿಸಿದ್ದರು. ಆದರೂ ಆ ಹಳೇ ಪುಸ್ತಕದಲ್ಲಿ ಇದು 346.2, ಮೈಗ್ರೇನಿನ ಒಂದು ತಳಿ ಅಂತ ಕೂತಿತ್ತು. ಹತ್ತು ವರ್ಷದ ಕ್ಲೇಮು ಗುಡ್ಡೆ ಹಾಕಿ ಎಷ್ಟು ಜನಕ್ಕೆ ಕ್ಲಸ್ಟರ್ ತಲೆನೋವು ಇತ್ತು ಅಂತ ಕೇಳಿದರೆ ಡೇಟಾಬೇಸು ಬಾಯಿ ಬಿಡೋದಿಲ್ಲ. ಮೈಗ್ರೇನಿನ ಉಳಿದ ತಳಿಗಳ ಜತೆ ಅದೂ ಕಲಸಿಹೋಗಿದೆ.

1 ಅಕ್ಟೋಬರ್ 2008ರಂದು ಅಮೆರಿಕದಲ್ಲಿ 339 ಅನ್ನೋ ಹೊಸ ವಿಭಾಗ ತೆರೆದರು. ಕ್ಲಸ್ಟರ್‌ಗೂ ಅಲ್ಲಿ ಸ್ವಂತ ಮನೆ, ಟೆನ್ಷನ್ ತಲೆನೋವಿಗೂ ನರಮಂಡಲದ ಅಧ್ಯಾಯದಲ್ಲಿ ಜಾಗ. ತಜ್ಞರು 1988ರಲ್ಲಿ ಗೆರೆ ಎಳೆದು ಆಗಲೇ 20 ವರ್ಷ ಕಳೆದಿತ್ತು. ವಿಜ್ಞಾನ ಒಂದು ವೇಗದಲ್ಲಿ ಹೋದರೆ ಗುಮಾಸ್ತರ ಪುಸ್ತಕ ಇನ್ನೊಂದು ವೇಗದಲ್ಲಿ ಹೋಗುತ್ತದೆ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಾ?

*

ಹತ್ತನೇ ಪರಿಷ್ಕರಣೆಯನ್ನು ವಿಶ್ವ ಆರೋಗ್ಯ ಸಭೆ ಒಪ್ಪಿದ್ದು 1990ರಲ್ಲಿ. ಅಮೆರಿಕ ಅದಕ್ಕೆ ಬದಲಾಗಿದ್ದು 1 ಅಕ್ಟೋಬರ್ 2015ಕ್ಕೆ. ಮೊದಲು 2013 ಅಂದರು, ಆಮೇಲೆ 2014 ಅಂದರು, ಕೊನೆಗೂ 2015. ಪ್ರಾಜೆಕ್ಟ್ ಡೆಡ್‌ಲೈನ್ ಮುಂದೆ ಹೋಗೋದು ನಮ್ಮಲ್ಲಿ ಮಾತ್ರ ಅಲ್ಲ ಅಂತ ಸಮಾಧಾನ ಪಟ್ಟುಕೊಳ್ಳಿ. ಸುಮಾರು 14,000 ಇದ್ದ ರೋಗದ ಕೋಡುಗಳು ಒಂದೇ ರಾತ್ರಿಗೆ 68,000ದ ಹತ್ತಿರ ಹೋದವು. ಬಾತುಕೋಳಿ ಬಡಿದದ್ದಕ್ಕೂ ಕೋಡ್ ಇದೆ, ಅತ್ತೆಮನೆಯವರ ಜತೆ ಹೊಂದದಿದ್ದರೆ ಜೆಡ್63.1 ಅಂತಲೂ ಒಂದಿದೆ. ನಮ್ಮ ಧಾರಾವಾಹಿಗಳಿಗೆಲ್ಲ ಒಂದೇ ಕೋಡ್ ಸಾಕು!

ತಲೆನೋವಿನ ವಿಚಾರದಲ್ಲಿ ಈಗ ಮೂರು ಮನೆ. ಜಿ43 ಮೈಗ್ರೇನ್. ಜಿ44 ಉಳಿದ ತಲೆನೋವು ಕಾಯಿಲೆಗಳು, ಅಂದರೆ ಕ್ಲಸ್ಟರ್, ಟೆನ್ಷನ್, ಪೆಟ್ಟು ಬಿದ್ದಮೇಲೆ ಬರುವುದು, ಔಷಧಿಯಿಂದ ಬರುವುದು ಎಲ್ಲ. ಆಮೇಲೆ ಆರ್51, 'ತಲೆನೋವು' ಅಷ್ಟೇ. ಹಳೆಯದನ್ನು ಹೊಸದಕ್ಕೆ ಹೊಂದಿಸೋಕೆ ಅಲ್ಲಿನ ಸರಕಾರ ಒಂದು ನಕ್ಷೆ ಕೊಟ್ಟಿತ್ತು. ಅದರಲ್ಲಿ ಮಾನಸಿಕ ಅಧ್ಯಾಯದ 307.81 ಕೂಡ ಜಿ44.209ಕ್ಕೆ ಹೋಗುತ್ತದೆ, 2008ರಲ್ಲಿ ಹುಟ್ಟಿದ 339.10 ಕೂಡ ಅಲ್ಲಿಗೇ ಹೋಗುತ್ತದೆ. ಮೂವತ್ತು ವರ್ಷದ ಜಗಳ ಒಂದು ಲುಕಪ್ ಟೇಬಲ್ಲಿನ ಎರಡು ಸಾಲಿನಲ್ಲಿ ಮುಗಿದುಹೋಯಿತು.

ಕೋಡ್ ಆರಿಸುವವರ ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ. ಬೆಂಗಳೂರಿನಲ್ಲಿ, ಚೆನ್ನೈ-ಹೈದರಾಬಾದಿನಲ್ಲಿ ಅಮೆರಿಕದ ಆಸ್ಪತ್ರೆಗಳ ಮೆಡಿಕಲ್ ಕೋಡಿಂಗ್ ಮಾಡುವ ಹುಡುಗ-ಹುಡುಗಿಯರು ಬೇಕಾದಷ್ಟಿದ್ದಾರೆ. ಅವರ ಮುಂದೆ ರೋಗಿ ಇಲ್ಲ, ಡಾಕ್ಟರು ಬರೆದ ಟಿಪ್ಪಣಿ ಮಾತ್ರ. ಟಿಪ್ಪಣಿಯಲ್ಲಿ ಮೈಗ್ರೇನಿನ ಲಕ್ಷಣ ಎಲ್ಲ ಇದ್ದರೂ ಡಾಕ್ಟರು 'ಮೈಗ್ರೇನ್' ಅಂತ ಬರೆಯದಿದ್ದರೆ ಕೋಡರ್ ತಾನಾಗಿ ಆ ಕೋಡ್ ಹಾಕುವಂತಿಲ್ಲ. ಹೊರರೋಗಿಯಾದರೆ 'ಮೈಗ್ರೇನ್ ಇರಬಹುದು' ಅಂತ ಬರೆದರೂ ಹಾಕುವಂತಿಲ್ಲ, ಗೊತ್ತಿರುವ ಲಕ್ಷಣಕ್ಕೆ ಮಾತ್ರ ಕೋಡ್, ಅಂದರೆ ಆರ್51.9. ಮೈಗ್ರೇನ್ ಅಂತ ಬರೆದರೂ ಮುಗಿಯಲಿಲ್ಲ. ಔರಾ ಇದೆಯೇ? ಚಿಕಿತ್ಸೆಗೆ ಬಗ್ಗದ್ದೇ? 72 ಗಂಟೆ ದಾಟಿಯೂ ಬಿಡದೆ ಕಾಡಿದೆಯೇ? ಇದ್ಯಾವುದೂ ಇಲ್ಲದಿದ್ದರೆ ಜಿ43.909, ಅಂದರೆ 'ಯಾವ ಬಗೆ ಅಂತ ಹೇಳಿಲ್ಲ'. ಇನ್ನು ಮೈಗ್ರೇನ್ ಕೋಡ್ ಹಾಕಿದ ಮೇಲೆ ಅದೇ ನೋವಿಗೆ ಪಕ್ಕದಲ್ಲಿ ಆರ್51 ಸೇರಿಸುವಂತಿಲ್ಲ. ಹೆಸರು ಸಿಕ್ಕಮೇಲೆ ಲಕ್ಷಣಕ್ಕೆ ಪ್ರತ್ಯೇಕ ಲೆಕ್ಕ ಇಲ್ಲ.

ಇದರಿಂದ ಏನು ವ್ಯತ್ಯಾಸ? 2010ರಲ್ಲಿ ಅಮೆರಿಕದಲ್ಲಿ ದೀರ್ಘಕಾಲದ ಮೈಗ್ರೇನಿಗೆ ಬೊಟಾಕ್ಸ್ ಚುಚ್ಚುಮದ್ದಿಗೆ ಒಪ್ಪಿಗೆ ಸಿಕ್ಕಿತು. ದೀರ್ಘಕಾಲದ್ದು ಅಂದರೆ 3 ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು, ಅದರಲ್ಲಿ 8 ದಿನವಾದರೂ ಮೈಗ್ರೇನಿನ ಗುಣ. ಟಿಪ್ಪಣಿಯಲ್ಲಿ ಆ ದಿನಗಳ ಲೆಕ್ಕ ಇದ್ದು ಕೋಡ್ ಜಿ43.7ರ ಸಾಲಿನದಾಗಿದ್ದರೆ ವಿಮೆಯವರು ಮುಂದಿನ ಕಾಗದ ಕೇಳುತ್ತಾರೆ. ಆರ್51.9 ಇದ್ದರೆ ಅಲ್ಲೇ ನಿಲ್ಲಿಸುತ್ತಾರೆ. ರೋಗಿ ಅದೇ, ನೋವು ಅದೇ, ಐದಾರು ಅಕ್ಷರ ಬೇರೆ.

ಹಾಗಂತ ಆರ್51ನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಅದು ಒಂದು ರೀತಿಯಲ್ಲಿ ಪ್ರಾಮಾಣಿಕ ಕೋಡ್. ಮೊದಲ ಸಲ ಬಂದ ರೋಗಿ, ನಿನ್ನೆಯಿಂದ ತಲೆನೋವು ಅಂತಾನೆ. ಇನ್ನೂ ಏನೂ ಗೊತ್ತಿಲ್ಲ. ಆಗ 'ಮೈಗ್ರೇನ್' ಅಂತ ಬರೆದುಬಿಟ್ಟರೆ ಆ ಹೆಸರು ಫೈಲಿಗೆ ಅಂಟಿಕೊಳ್ಳುತ್ತದೆ. ನಾಳೆ ಮಿದುಳಿನ ರಕ್ತಸ್ರಾವದ ತಲೆನೋವಿನೊಂದಿಗೆ ಬಂದರೂ "ಓ, ನಿಮಗೆ ಮೈಗ್ರೇನ್ ಇದೆಯಲ್ಲ" ಅಂತ ಮಾತ್ರೆ ಕೊಟ್ಟು ಕಳಿಸುವ ಅಪಾಯ ಇದೆ. ಬಿಲ್ ಪಾಸಾಗಲಿ ಅಂತ ಇಲ್ಲದ ರೋಗದ ಕೋಡ್ ಹಾಕುವುದಂತೂ ಗ್ರಾಂಟ್ ಕಾಲದ ಬಿಯರು ಲೋಟದ ಮುಂದುವರಿಕೆ ಅಷ್ಟೇ. 2020ರಲ್ಲಿ ಆರ್51ನ್ನು ಎರಡು ಮಾಡಿ, ಎದ್ದು ನಿಂತರೆ ಹೆಚ್ಚಾಗುವ ತಲೆನೋವಿಗೆ ಆರ್51.0 ಕೊಟ್ಟರು. ಮಿದುಳು-ಬೆನ್ನುಹುರಿಯ ದ್ರವ ಸೋರುತ್ತಿದ್ದರೆ ಹೀಗಾಗಬಹುದು. ಇನ್ನೂ ರೋಗದ ಹೆಸರು ಗೊತ್ತಿಲ್ಲ, ಆದರೆ ಮುಂದಿನ ಡಾಕ್ಟರಿಗೆ ಒಂದು ಸುಳಿವು ಇದೆ. ಗೊತ್ತಿಲ್ಲ ಅನ್ನೋದನ್ನೂ ಹೀಗೆ ಚೊಕ್ಕವಾಗಿ ಹೇಳಬಹುದು. ತಪ್ಪು ಇರೋದು ಆರ್51ರಲ್ಲಿ ಅಲ್ಲ, ಹತ್ತು ಸಲ ಬಂದವರಿಗೂ ಹನ್ನೊಂದನೇ ಸಲ ಆರ್51 ಬರೆಯುವುದರಲ್ಲಿ.

*

ಇದನ್ನು ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ನಮ್ಮಮ್ಮನ ಫೈಲಿನಲ್ಲಿ ಹನ್ನೆರಡು ವರ್ಷ 'ತಲೆನೋವು' ಅಂತಷ್ಟೇ ಇತ್ತು. ನಮ್ಮಲ್ಲಿ ಹೊರರೋಗಿ ಚೀಟಿಯಲ್ಲಿ ಕೋಡ್ ಕಾಣೋದು ಅಪರೂಪ, ಹೆಸರೂ ಅಷ್ಟೇ. ಎರಡು ಸಲ ಸ್ಕ್ಯಾನ್ ಆಯಿತು, ಕನ್ನಡಕ ಬದಲಾಯಿತು. ಪ್ರತಿ ಸಲವೂ ವಾಪಸ್ ಬಂದು "ಏನೂ ಇಲ್ವಂತೆ ಕಣೋ" ಅನ್ನೋಳು. ಆ ಮಾತನ್ನು ಸಮಾಧಾನದಿಂದ ಹೇಳ್ತಿದ್ದಳೋ ಬೇಜಾರಿನಿಂದಲೋ ನನಗೆ ತಿಳೀತಿರಲಿಲ್ಲ. ಏನೂ ಇಲ್ಲದ ಮೇಲೆ ಮಾತ್ರೆ ತಾನೇ ಗತಿ? ಮೆಡಿಕಲ್ ಸ್ಟೋರಿನ ಹುಡುಗನಿಗೆ ಸ್ಟ್ರಿಪ್ಪಿನ ಬಣ್ಣ ಹೇಳಿದರೆ ಸಾಕಾಗಿತ್ತು.

ಕೊನೆಗೆ ಒಬ್ಬ ನರರೋಗ ತಜ್ಞೆ ಯಾವ ಸ್ಕ್ಯಾನೂ ಬರೆಯದೆ, "ಅಮ್ಮಾ, ಮನೆಯಲ್ಲಿ ಕ್ಯಾಲೆಂಡರ್ ಇದೆಯಲ್ಲ, ನೋವು ಬಂದ ದಿನ ಒಂದು ಗೀಟು, ಮಾತ್ರೆ ತಗೊಂಡ ದಿನ ಒಂದು ಸೊನ್ನೆ ಹಾಕಿಕೊಂಡು ಬನ್ನಿ" ಅಂದರು. ಹಾಲಿನ ಲೆಕ್ಕದ ಪಕ್ಕದಲ್ಲೇ ಅಮ್ಮ ಗೀಟು-ಸೊನ್ನೆ ಹಾಕಿದಳು. ಒಂದು ತಿಂಗಳಿಗೆ 19 ಗೀಟು, 17 ಸೊನ್ನೆ. ಹೆಸರು ಎರಡು ಬಂತು. ಒಂದು ಮೈಗ್ರೇನ್. ಇನ್ನೊಂದು, ನೋವಿನ ಮಾತ್ರೆ ಅತಿಯಾಗಿ ತಗೊಂಡು ತಗೊಂಡು ಬರುವ ತಲೆನೋವು. ಪಟ್ಟಿಯಲ್ಲಿ ಅದು ಜಿ44.4. ಮಾಮೂಲಿ ನೋವಿನ ಮಾತ್ರೆಯಾದರೆ ತಿಂಗಳಿಗೆ 15 ದಿನ, ಮಿಶ್ರಣದ ಮಾತ್ರೆಗಳಾದರೆ 10 ದಿನ, ಹೀಗೆ 3 ತಿಂಗಳು ಮೀರಿದರೆ ಮದ್ದೇ ರೋಗವಾಗುತ್ತದೆ. ಅವರು ಹೇಳಿದ ಹಾಗೆ ಆ ಮಾತ್ರೆ ಬಿಟ್ಟ ಮೊದಲ ಎರಡು ವಾರ ಅಮ್ಮ ಪಟ್ಟ ಪಾಡು ಬೇಡ. ಆಮೇಲೆ ಗೀಟುಗಳು ಕಮ್ಮಿಯಾದವು. ನಿಂತಿಲ್ಲ, ಕಮ್ಮಿಯಾದವು. "ಇದಕ್ಕೊಂದು ಹೆಸರಿದೆ ನೋಡು, ನಾನು ನಾಟಕ ಮಾಡ್ತಿರಲಿಲ್ಲ" ಅಂತ ಅಪ್ಪನಿಗೆ ಅವಳು ಹೇಳಿದ್ದು ಮಾತ್ರ ನನಗೆ ಮರೆಯೋಕಾಗಲ್ಲ.

ಅಮ್ಮ ಒಬ್ಬಳೇ ಅಲ್ಲ. ನಿಮ್ಹಾನ್ಸ್‌ನವರು ವಿದೇಶದ ತಜ್ಞರ ಜತೆ ಸೇರಿ ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 18ರಿಂದ 65 ವಯಸ್ಸಿನ 2,329 ಜನರನ್ನು ವಿಚಾರಿಸಿದ್ದರು. 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಂದು ವರ್ಷದಲ್ಲಿ ತಲೆನೋವು ಬಂದವರು 63.9%, ಮೈಗ್ರೇನ್ ಇದ್ದವರು ಸುಮಾರು 25%. ನಾಲ್ಕರಲ್ಲಿ ಒಬ್ಬರು! ಇದು ಆಸ್ಪತ್ರೆಯ ರಿಜಿಸ್ಟರಿನಿಂದ ಬಂದ ಲೆಕ್ಕವಲ್ಲ, ಬಾಗಿಲು ತಟ್ಟಿ ಕೇಳಿದ್ದಕ್ಕೆ ಸಿಕ್ಕ ಲೆಕ್ಕ.

ಜಗತ್ತಿನ ಮಟ್ಟದಲ್ಲೂ ಇದೇ ಕಥೆ. ಯಾವ ಕಾಯಿಲೆ ಎಷ್ಟು ಆಯುಷ್ಯವನ್ನು ಹಾಳುಮಾಡುತ್ತದೆ ಅಂತ ಅಳೆಯುವ ದೊಡ್ಡ ಅಧ್ಯಯನ ಮೊದಲು 1990ನೇ ವರ್ಷದ ಲೆಕ್ಕ ಹಾಕಿದಾಗ ಅದರಲ್ಲಿ ಮೈಗ್ರೇನ್ ಇರಲೇ ಇಲ್ಲ. 2001ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಲ್ಲಿ, ಜನರನ್ನು ಅಶಕ್ತರನ್ನಾಗಿಸುವ ಕಾರಣಗಳಲ್ಲಿ 19ನೇ ಸ್ಥಾನ. 2010ರ ಲೆಕ್ಕಕ್ಕೆ 7ನೇ ಸ್ಥಾನ. 2016ರ ಲೆಕ್ಕಕ್ಕೆ 2ನೇ ಸ್ಥಾನ. ಅಷ್ಟರೊಳಗೆ ಮನುಷ್ಯರ ತಲೆ ಅಷ್ಟೊಂದು ಕೆಟ್ಟುಹೋಯಿತಾ? ಇಲ್ಲ. ಎಣಿಸೋಕೆ ಶುರು ಮಾಡಿದರು, ಅಷ್ಟೇ.

*

ಈಗ ಹನ್ನೊಂದನೇ ಪರಿಷ್ಕರಣೆ ಬಂದಿದೆ. 2019ರಲ್ಲಿ ಒಪ್ಪಿಗೆ, 1 ಜನವರಿ 2022ರಿಂದ ಜಾರಿ. ಮೈಗ್ರೇನ್ 8ಎ80, ಟೆನ್ಷನ್ ತಲೆನೋವು 8ಎ81, ಕ್ಲಸ್ಟರ್ ಮತ್ತು ಅದರ ಬಳಗ 8ಎ82. ಎಲ್ಲವೂ ನರಮಂಡಲದ ಅಧ್ಯಾಯದಲ್ಲಿ, ಹೆಚ್ಚುಕಡಿಮೆ ತಲೆನೋವು ಸೊಸೈಟಿಯವರ ಕ್ರಮದಲ್ಲೇ. ಬರೀ ತಲೆನೋವಿಗೆ ಎಂಬಿ4ಡಿ ಇದ್ದೇ ಇದೆ. ಅಮೆರಿಕ ಇನ್ನೂ ಹತ್ತರಲ್ಲೇ ಇದೆ, ಹಾಗಾಗಿ ನಮ್ಮ ಪ್ರಾಜೆಕ್ಟಿಗೆ ಸದ್ಯಕ್ಕೆ ಕೆಲಸ ಗ್ಯಾರಂಟಿ. ಇದಲ್ಲದೆ 10 ಜನವರಿ 2024ರಂದು ದೆಹಲಿಯಲ್ಲಿ ಇದೇ ಪಟ್ಟಿಗೆ ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ರೋಗಗಳ ಹೆಸರುಗಳನ್ನು ಸೇರಿಸುವ ಭಾಗ ಬಿಡುಗಡೆಯಾಯಿತು. ಆ ಕೋಡ್ ಇದೆ ಅಂದಮಾತ್ರಕ್ಕೆ ಆ ಚಿಕಿತ್ಸೆ ಕೆಲಸ ಮಾಡುತ್ತೆ ಅಂತ ಅರ್ಥ ಅಲ್ಲ. ಎಣಿಸೋಕೆ ಒಂದು ಕಂಬ ನೆಟ್ಟ ಹಾಗೆ ಅಷ್ಟೇ.

ಕೋಡ್ ಅಂದರೆ ರೋಗಿಯನ್ನು ನಂಬರು ಮಾಡುವುದು ಅಂತ ಸುಮಾರು ಜನ ಬೇಸರ ಪಡ್ತಾರೆ. ನಾನೂ ದಿನಾ ಲಕ್ಷಗಟ್ಟಲೆ ಸಾಲು ನೋಡ್ತೀನಿ, ಆ ಬೇಸರ ಅರ್ಥವಾಗುತ್ತೆ. ಆದರೆ ಈ ಚರಿತ್ರೆಯಲ್ಲಿ ನನಗೆ ಕಂಡದ್ದು ಬೇರೆ. ಸರಿಯಾದ ನಂಬರಿನ ಹಿಂದೆ ಯಾವಾಗಲೂ ಒಬ್ಬರು ಕೂತು ಕೇಳಿದ ಹತ್ತು ನಿಮಿಷ ಇರುತ್ತದೆ. ಎಷ್ಟು ದಿನ, ಎಷ್ಟು ಹೊತ್ತು, ಯಾವ ಪಕ್ಕ, ಏನು ತಗೊಂಡ್ರಿ ಅಂತ ಕೇಳಿದ ಹತ್ತು ನಿಮಿಷ. ಆ ಹತ್ತು ನಿಮಿಷ ಇಲ್ಲದಿದ್ದರೆ 1662ರ 51 ಜನರ ಪಕ್ಕದಲ್ಲಿ ಐವತ್ತೆರಡನೆಯವರಾಗಿ ನಾವೂ 'ತಲೆನೋವು' ಅಂತ ಸೇರಿಕೊಳ್ತೀವಿ.

ನಿಮ್ಮ ಮನೆಯಲ್ಲಿ ಯಾರಾದರೂ "ಏನೂ ಇಲ್ವಂತೆ" ಅಂತ ಡಾಕ್ಟರ ಹತ್ತಿರದಿಂದ ವಾಪಸ್ ಬಂದಿದ್ದರೆ ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಪೆನ್ನು ನೇತುಹಾಕಿ. ಮುಂದಿನ ಸಲ ಹೋಗುವಾಗ ಆ ಹಾಳೆ ಕಿತ್ತುಕೊಂಡು ಹೋಗಲಿ.